ಬೇಳೆ ಬೇಯದ ನೀರಿನ ಊರಲ್ಲಿ ಫೇಸ್‌ವಾಶ್ ಆರಿಸುವ ಬಗೆ

ವಿಜಯಪುರದ ಔಷಧ ಅಂಗಡಿಯೊಂದರ ಕೌಂಟರಿನ ಹಿಂದೆ ನಿಂತು ನನಗೆ ಹದಿನಾರು ವರ್ಷಗಳಾದವು. "ಮುಖಕ್ಕ ಒಂದು ಚಲೋ ಫೇಸ್‌ವಾಶ್ ಕೊಡ್ರಿ" ಎಂದು ಬರುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಅವರ ಚರ್ಮ ಎಣ್ಣೆಯದೋ ಒಣದೋ ಎಂಬುದಲ್ಲ. "ನಿಮ್ಮನಿ ನೀರಾಗ ಬ್ಯಾಳಿ ಲಗೂನ ಬೇಯ್ತಾವೇನ್ರಿ?" ಎಂದು ಕೇಳುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಇವನಿಗೆ ಏನಾಗಿದೆ ಎಂಬಂತೆ ನೋಡುತ್ತಾರೆ. ಆದರೆ ಬೋರಿನ ನೀರಿನಲ್ಲಿ ತೊಗರಿಬೇಳೆ ಬೇಯಿಸಿ ಬೇಸತ್ತ ಹೆಣ್ಣುಮಕ್ಕಳಿಗೆ ಪ್ರಶ್ನೆಯ ಅರ್ಥ ಕೂಡಲೇ ಹೊಳೆಯುತ್ತದೆ. ಬೇಳೆಯನ್ನು ಬೇಯಗೊಡದ ಅದೇ ಸುಣ್ಣದ ಅಂಶವೇ ಸಾಬೂನಿಗೆ ನೊರೆ ಬರದಂತೆ ಮಾಡುತ್ತದೆ, ಮುಖವನ್ನೂ ಬಿಗಿಯುವಂತೆ ಮಾಡುತ್ತದೆ. ನಮ್ಮ ಭಾಗದಲ್ಲಿ ಮುಖ ತೊಳೆಯುವ ವಸ್ತುವನ್ನು ಆರಿಸುವಾಗ ಜಾಹೀರಾತಿಗಿಂತ ನೀರನ್ನೂ ಹವೆಯನ್ನೂ ನೋಡಿ ಆರಿಸಬೇಕೆಂಬುದು ನನ್ನ ಅನುಭವದ ಮಾತು. ಈ ಬರಹದ ಉಳಿದೆಲ್ಲ ಸಲಹೆಗಳೂ ಅದರಿಂದಲೇ ಹುಟ್ಟಿದವು.

ಮೊದಲು ನೀರನ್ನು ಪರೀಕ್ಷಿಸಿ

ವಿಜಯಪುರ ಜಿಲ್ಲೆಯ ನೆಲದಡಿ ಬಹುಪಾಲು ಇರುವುದು ದಖನ್ನಿನ ಕರಿ ಬಸಾಲ್ಟ್ ಶಿಲೆ. ಬಾಗಲಕೋಟೆಯ ಕಡೆ, ಲೋಕಾಪುರ ಮತ್ತು ಮುಧೋಳದ ಸುತ್ತ, ಸಿಮೆಂಟ್ ಕಾರ್ಖಾನೆಗಳಿಗೆ ಒದಗುವ ಸುಣ್ಣದ ಕಲ್ಲು ಧಾರಾಳವಾಗಿದೆ. ಇಂಥ ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಬರುವ ಕೊಳವೆಬಾವಿಯ ನೀರು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ (ಈ ಲವಣಗಳ ಅಂಶ) ಒಪ್ಪತಕ್ಕದ್ದು, ಬೇರೆ ನೀರು ಸಿಗದಿದ್ದರೆ 600ರವರೆಗೆ ಸಹಿಸಬಹುದು. ನಿಮ್ಮ ನೀರು ಎಲ್ಲಿದೆ ಎಂದು ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ವಾಟರ್ ಹೀಟರಿನ ಕಾಯಿಲಿನ ಮೇಲೆ ಬಿಳಿ ಚಿಪ್ಪು ಕಟ್ಟುತ್ತಿದ್ದರೆ, ಬಚ್ಚಲಿನ ನಳದ ಬಾಯಿಗೆ ಸುಣ್ಣ ಹಚ್ಚಿದಂತೆ ಕಾಣುತ್ತಿದ್ದರೆ, ಅರ್ಧ ಉತ್ತರ ಸಿಕ್ಕಂತೆಯೇ.

ಪೂರ್ತಿ ಉತ್ತರ ಬೇಕಾದವರು ಹೀಗೆ ಮಾಡಬಹುದು. ಪಾರದರ್ಶಕವಾದ ಎರಡು ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನು ತೆಗೆದುಕೊಂಡು ಒಂದರಲ್ಲಿ ಬಚ್ಚಲಿನ ನೀರನ್ನೂ ಇನ್ನೊಂದರಲ್ಲಿ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರನ್ನೂ ಅರ್ಧದಷ್ಟು ತುಂಬಿರಿ. ಎರಡಕ್ಕೂ ಉಗುರಿನಷ್ಟು ಮೈಸೋಪಿನ ಚೂರು ಹಾಕಿ, ಮುಚ್ಚಳ ಬಿಗಿದು, ಸೋಪು ಕರಗುವವರೆಗೆ ಚೆನ್ನಾಗಿ ಕುಲುಕಿ ಪಕ್ಕಪಕ್ಕದಲ್ಲಿ ನಿಲ್ಲಿಸಿರಿ. ಕ್ಯಾನಿನ ನೀರಿನಲ್ಲಿ ದಟ್ಟ ನೊರೆ ಎದ್ದು ಬಹಳ ಹೊತ್ತು ನಿಲ್ಲುತ್ತದೆ. ನೀರು ಗಡಸಾಗಿದ್ದರೆ ಬಚ್ಚಲ ನೀರಿನ ಬಾಟಲಿಯಲ್ಲಿ ನೊರೆ ಕುಸಿದು, ನೀರು ನೀರುಮಜ್ಜಿಗೆಯಂತೆ ಬಿಳುಚಾಗಿ, ಒಡೆದ ಹಾಲಿನಲ್ಲಿ ಕಾಣುವಂಥ ಸಣ್ಣ ಸಣ್ಣ ಗರಣೆಗಳು ತೇಲುತ್ತವೆ. ಸಾಬೂನಿನ ಕೊಬ್ಬಿನಾಮ್ಲವು ಕ್ಯಾಲ್ಸಿಯಂ ಜತೆ ಸೇರಿ ಆದ ಕರಗದ ಜಿಡ್ಡು ಅದು. ಬಕೆಟ್ಟಿನ ಅಂಚಿಗೆ ಅಂಟುವ ಬೂದು ಬಣ್ಣದ ಪಟ್ಟಿಯೂ ಅದೇ, ಮುಖ ತೊಳೆದು ಒರೆಸಿಕೊಂಡ ಮೇಲೆ ಕೆನ್ನೆಯ ಮೇಲೆ ಕಾಣದಂತೆ ಉಳಿದು ತುರಿಕೆ ಎಬ್ಬಿಸುವುದೂ ಅದೇ. ಈಗ ಬಾಟಲಿಗಳನ್ನು ತೊಳೆದು, ಸಾಬೂನಿನ ಬದಲು ಸೋಪ್ ಇಲ್ಲದ ಫೇಸ್‌ವಾಶನ್ನು ಕಡಲೆಕಾಳಿನಷ್ಟು ಹಾಕಿ ಮತ್ತೊಮ್ಮೆ ಕುಲುಕಿ ನೋಡಿ; ಬಚ್ಚಲ ನೀರಿನ ಬಾಟಲಿಯಲ್ಲೂ ಆ ಗರಣೆ ಕಾಣಿಸುವುದಿಲ್ಲ. ಅಂಗಡಿಯಲ್ಲಿ ಗಿರಾಕಿ ಕಡಿಮೆ ಇದ್ದ ಒಂದು ಮಧ್ಯಾಹ್ನ ಇದನ್ನು ಮಾಡಿ ತೋರಿಸಿದ ಮೇಲೆ, "ಸೋಪಿಗೂ ಫೇಸ್‌ವಾಶಿಗೂ ಏನು ಫರಕು, ಎರಡೂ ರೊಕ್ಕ ಕೀಳೋ ಧಂದೆ" ಎನ್ನುತ್ತಿದ್ದ ನಮ್ಮ ಪಕ್ಕದ ಕಿರಾಣಿಯ ಹಿರಿಯರು ಮೊದಲ ಬಾರಿಗೆ ಸುಮ್ಮನಾದರು.

ಕೃಷ್ಣೆಯ ನೀರು ನಳದಲ್ಲಿ ಬರುವ ಬಡಾವಣೆಗಳಲ್ಲಿ, ಹಾಗೆಯೇ ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳ ನೀರು ಕುಡಿಯುವ ಬೆಳಗಾವಿ ನಗರದಲ್ಲಿ ಈ ತೊಂದರೆ ಕಡಿಮೆ. ನಳದ ನೀರು ಬಾರದ ದಿನ ಬೋರಿನ ಟಾಕಿ ತೆರೆಯುವ ಮನೆಗಳಲ್ಲಿ ಮಾತ್ರ ಒಂದು ದಿನ ಮುಖ ಮೆತ್ತಗೆ, ಮರುದಿನ ಬಿಗಿ. ಅವರು ತಪ್ಪನ್ನು ಫೇಸ್‌ವಾಶಿನ ಮೇಲೆ ಹೊರಿಸುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಬೋರಿನ ನೀರೇ ಗತಿಯಾದವರು ಕೊನೆಯ ಸಲ ಮುಖ ತೊಳೆಯುವಾಗ ಒಂದು ಚರಿಗೆ ಕ್ಯಾನಿನ ನೀರನ್ನು ಬಳಸಿದರೆ ಸಾಕು, ಸ್ನಾನಕ್ಕೆಲ್ಲ ಅದನ್ನು ಸುರಿಯುವ ಅಗತ್ಯವಿಲ್ಲ.

ಸಾಬೂನು, ಸಾಬೂನಲ್ಲದ್ದು, ಮತ್ತು ಟ್ಯೂಬಿನಲ್ಲಿ ಅಡಗಿದ ಸಾಬೂನು

ನಮ್ಮ ಚರ್ಮದ ಮೇಲ್ಪದರ ಸ್ವಲ್ಪ ಹುಳಿ. ಅದರ ಪಿಎಚ್ (ಹುಳಿ-ಕ್ಷಾರಗಳ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 4.5ರಿಂದ 5.5ರ ನಡುವೆ ಇರುತ್ತದೆ. ಸಾಬೂನಿನ ಪಿಎಚ್ ಸಾಮಾನ್ಯವಾಗಿ 9ರಿಂದ 10. ಈ ಅಳತೆಯಲ್ಲಿ ಒಂದೊಂದು ಅಂಕಿಯ ಅಂತರವೂ ಹತ್ತು ಪಟ್ಟಿನದಾದ್ದರಿಂದ, ಇದು ಕಾಗದದ ಮೇಲೆ ಕಂಡಷ್ಟು ಸಣ್ಣ ವ್ಯತ್ಯಾಸವಲ್ಲ. ಒಮ್ಮೆ ಸಾಬೂನು ಹಚ್ಚಿದ ಮೇಲೆ ಚರ್ಮ ತನ್ನ ಹುಳಿತನಕ್ಕೆ ಮರಳಲು ಹೊತ್ತು ಬೇಕು. ದಿನಕ್ಕೆ ನಾಲ್ಕು ಬಾರಿ ಹಚ್ಚುವವರ ಚರ್ಮಕ್ಕೆ ಆ ಬಿಡುವೇ ಸಿಗದೆ, ಜೀವಕೋಶಗಳ ನಡುವೆ ಗಾರೆಯಂತಿರುವ ಕೊಬ್ಬು ಕರಗಿ, ಒಳಗಿನ ತೇವ ಹೊರಗೆ ಹಾರುತ್ತದೆ.

"ನಮ್ಮದು ಒಳ್ಳೆ ಸೋಪು ರೀ, ಟಿಎಫ್‌ಎಂ 76 ಐತಿ" ಎಂದು ಕೆಲವರು ವಾದಿಸುತ್ತಾರೆ. ಟಿಎಫ್‌ಎಂ ಎಂದರೆ ಸಾಬೂನಿನಲ್ಲಿರುವ ಒಟ್ಟು ಕೊಬ್ಬಿನಂಶ. ಮೊದಲ ದರ್ಜೆಯ ಸಾಬೂನಿನಲ್ಲಿ ಅದು ಶೇ. 76ಕ್ಕೆ ಕಡಿಮೆಯಿರಬಾರದು ಎಂಬ ಮಾನಕ ಇರುವುದು ನಿಜ, ಮೈಗೆ ಸೋಪು ಕೊಳ್ಳುವಾಗ ಅದನ್ನು ನೋಡಿಯೇ ಕೊಳ್ಳಬೇಕು. ಆದರೆ ಟಿಎಫ್‌ಎಂ ಹೆಚ್ಚಿದ್ದ ಮಾತ್ರಕ್ಕೆ ಸಾಬೂನಿನ ಕ್ಷಾರ ಗುಣ ಹೋಗುವುದಿಲ್ಲ, ಗಡಸು ನೀರಿನಲ್ಲಿ ಅದು ಗರಣೆ ಕಟ್ಟುವುದೂ ತಪ್ಪುವುದಿಲ್ಲ. ಬೆನ್ನು, ಕೈಕಾಲುಗಳ ದಪ್ಪ ಚರ್ಮ ಅದನ್ನು ತಾಳಿಕೊಳ್ಳುತ್ತದೆ, ಮುಖದ್ದು ಅಷ್ಟು ತಾಳುವುದಿಲ್ಲ.

ಸಾಬೂನಲ್ಲದ ಶೋಧಕಗಳು, ಅಂದರೆ ಕೊಳೆ ತೆಗೆಯುವ ವಸ್ತುಗಳು, ಬೇರೆ ಬಗೆಯವು. ಬಿಲ್ಲೆಯ ರೂಪದಲ್ಲಿದ್ದರೆ ಅವನ್ನು ಸಿಂಡೆಟ್ ಬಾರ್ ಎನ್ನುತ್ತಾರೆ. ಅವುಗಳ ಪಟ್ಟಿಯಲ್ಲಿ ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಎಂಬ ಹೆಸರು ಮೊದಲಲ್ಲೇ ಕಾಣುತ್ತದೆ. ಟ್ಯೂಬಿನಲ್ಲಿದ್ದರೆ ಕೊಕಮಿಡೊಪ್ರೊಪೈಲ್ ಬೀಟೈನ್, ಕೊಕೊ ಗ್ಲುಕೊಸೈಡ್, ಡೆಸಿಲ್ ಗ್ಲುಕೊಸೈಡ್ ಮುಂತಾದ ಮೃದು ಶೋಧಕಗಳಿರುತ್ತವೆ. ಸೋಡಿಯಂ ಲಾರಿಲ್ ಸಲ್ಫೇಟ್ ಇವೆಲ್ಲಕ್ಕಿಂತ ಖಾರ. ಸೋಡಿಯಂ ಲಾರೆತ್ ಸಲ್ಫೇಟ್ ಅದಕ್ಕಿಂತ ತುಸು ಸೌಮ್ಯ, ಮೃದು ಶೋಧಕದ ಜತೆ ಬೆರೆತಿದ್ದರೆ ಎಣ್ಣೆ ಚರ್ಮದವರಿಗೆ ಅಡ್ಡಿಯಿಲ್ಲ.

ಇಲ್ಲೊಂದು ಗುಟ್ಟು ಹೇಳಬೇಕು. ಟ್ಯೂಬಿನಲ್ಲಿ ಬಂದದ್ದೆಲ್ಲ ಸಾಬೂನಲ್ಲದ್ದು ಎಂದು ತಿಳಿಯಬಾರದು. ಕೆನೆಯಂತೆ ದಪ್ಪಗಿದ್ದು, ಹಚ್ಚಿದ ಕೂಡಲೇ ಬೆಣ್ಣೆಯಂಥ ನೊರೆ ಬರುವ ಕೆಲವು ಫೋಮಿಂಗ್ ಫೇಸ್‌ವಾಶ್‌ಗಳ ಹಿಂದೆ ಓದಿದರೆ ಸ್ಟಿಯರಿಕ್ ಆಸಿಡ್, ಮಿರಿಸ್ಟಿಕ್ ಆಸಿಡ್, ಲಾರಿಕ್ ಆಸಿಡ್, ಅವುಗಳ ಜತೆಗೇ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂದಿರುತ್ತದೆ. ಕೊಬ್ಬಿನಾಮ್ಲಕ್ಕೆ ಕ್ಷಾರ ಸೇರಿಸಿದರೆ ಆಗುವುದು ಸಾಬೂನೇ ಹೊರತು ಬೇರೇನೂ ಅಲ್ಲ. ಬಿಲ್ಲೆಯಾಗಿದ್ದದ್ದು ಟ್ಯೂಬಿಗೆ ಇಳಿದಿದೆ, ಬೆಲೆ ಏರಿದೆ. ಪಟ್ಟಿಯಲ್ಲಿ ಹೆಸರುಗಳು ಹೆಚ್ಚು ಪ್ರಮಾಣದಿಂದ ಕಡಿಮೆಯ ಕಡೆಗೆ ಬರುವುದರಿಂದ ಮೊದಲ ಐದಾರು ಹೆಸರುಗಳನ್ನು ಓದಿದರೆ ಸರಕಿನ ಗುಣ ತಿಳಿಯುತ್ತದೆ. ಮುಂಭಾಗದಲ್ಲಿ ದೊಡ್ಡಕ್ಷರದಲ್ಲಿ ಬರೆದ ಕೇಸರಿ, ಮುತ್ತು, ಬಂಗಾರದ ಭಸ್ಮಗಳು ಆ ಪಟ್ಟಿಯ ತೀರ ಬಾಲದಲ್ಲಿ ಇರುತ್ತವೆ. ಇದ್ದರೂ ಒಂದು ನಿಮಿಷದೊಳಗೆ ಬಚ್ಚಲ ಮೋರಿಗೆ ಹರಿದುಹೋಗುವ ವಸ್ತುವಿನಲ್ಲಿ ಬಂಗಾರ ಇದ್ದರೆಷ್ಟು, ಬಿಟ್ಟರೆಷ್ಟು? ವಿಟಮಿನ್ ಸಿ ಬೇಕಾದವರು ಅದನ್ನು ಹಚ್ಚಿ ಬಿಡುವ ಸೀರಮ್ಮಿನಲ್ಲಿ ಕೊಳ್ಳಲಿ, ತೊಳೆದು ಬಿಡುವುದರಲ್ಲಿ ಬೇಡ. ಮುಖ ಬೆಳ್ಳಗಾಗಿಸುವ ಫೇಸ್‌ವಾಶ್ ಕೇಳುವವರಿಗೂ ನನ್ನ ಉತ್ತರ ಇದೇ: ಧೂಳು, ಬೆವರು, ಜಿಡ್ಡುಗಳನ್ನು ತೆಗೆಯುವುದಷ್ಟೇ ಅದರ ಕೆಲಸ, ಹುಟ್ಟಿನ ಬಣ್ಣವನ್ನು ತೆಗೆಯುವುದಲ್ಲ.

ನಿಮ್ಮ ಚರ್ಮ ಯಾವುದು ಎಂದು ತಿಳಿಯುವುದು

ಸಂಜೆ ಹೊತ್ತು ಮೃದುವಾದ ಯಾವುದಾದರೂ ಫೇಸ್‌ವಾಶಿನಿಂದ ಮುಖ ತೊಳೆದು, ಏನನ್ನೂ ಹಚ್ಚದೆ, ಫ್ಯಾನಿನ ಕೆಳಗೆ ಕೂಡದೆ ಒಂದು ತಾಸು ಬಿಡಿ. ಕೆನ್ನೆ ಬಿಗಿದು, ನಗುವಾಗ ಬಾಯಿಯ ಪಕ್ಕ ಚುರುಗುಟ್ಟಿದರೆ ಒಣ ಚರ್ಮ. ಟಿಶ್ಯೂ ಕಾಗದವನ್ನು ಒತ್ತಿದಾಗ ಮುಖದ ಎಲ್ಲ ಕಡೆಯೂ ಎಣ್ಣೆಯ ಗುರುತು ಮೂಡಿದರೆ ಎಣ್ಣೆ ಚರ್ಮ. ಹಣೆ ಮತ್ತು ಮೂಗಿನಲ್ಲಿ ಮಾತ್ರ ಮೂಡಿದರೆ ಮಿಶ್ರ ಚರ್ಮ. ನಮ್ಮಲ್ಲಿ ಬರುವವರಲ್ಲಿ ಈ ಮಿಶ್ರದವರೇ ಹೆಚ್ಚು. ಯಾವುದನ್ನು ಹಚ್ಚಿದರೂ ಕೆಂಪಾಗುವುದು, ಉರಿಯುವುದು ಇದ್ದರೆ ಅದು ಸೂಕ್ಷ್ಮ ಚರ್ಮ. ಅಂಥವರು ಸುವಾಸನೆಯಿಲ್ಲದ್ದನ್ನೇ ಹುಡುಕಬೇಕು.

ಒಣ ಮತ್ತು ಸೂಕ್ಷ್ಮ ಚರ್ಮಕ್ಕೆ ನೊರೆ ಬಾರದ, ಗ್ಲಿಸರಿನ್ ಅಥವಾ ಸೆರಮೈಡ್ (ಚರ್ಮದಲ್ಲೇ ಇರುವಂಥ ಒಂದು ಬಗೆಯ ಕೊಬ್ಬು) ಇರುವ ಲೋಶನ್ ಮಾದರಿಯ ಕ್ಲೆನ್ಸರ್ ಒಪ್ಪುತ್ತದೆ. 1947ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ತಯಾರಾದ ಸೆಟಾಫಿಲ್ ಈ ಬಗೆಯದು, ಈಗ ಅದೇ ಮಾದರಿಯ ಭಾರತೀಯ ತಯಾರಿಕೆಗಳೂ ಬಂದಿವೆ. ಇದನ್ನು ಮೊದಲ ಸಲ ಕೊಂಡವರು ಎರಡೇ ದಿನಕ್ಕೆ ಮರಳಿ ಬಂದು "ನೊರಿನ ಬರಂಗಿಲ್ಲಲ್ರೀ, ಮಾಲು ಖೊಟ್ಟಿ ಐತೇನು" ಎಂದು ಕೇಳುವುದು ರೂಢಿ. ನೊರೆಯು ಕೊಳೆ ತೆಗೆಯುವುದಿಲ್ಲ, ಕೊಳೆ ತೆಗೆದಂಥ ಭಾವನೆಯನ್ನು ಮಾತ್ರ ಕೊಡುತ್ತದೆ. ತೊಳೆದ ಪಾತ್ರೆಯಂತೆ ಕೆನ್ನೆ ಕಿರ್ರೆನ್ನಬೇಕೆಂಬ ಆಸೆಯೇ ನಮ್ಮ ಅರ್ಧ ತೊಂದರೆಗಳಿಗೆ ಮೂಲ. ಎಣ್ಣೆ ಮತ್ತು ಮಿಶ್ರ ಚರ್ಮಕ್ಕೆ ಪಾರದರ್ಶಕ ಜೆಲ್ ಮಾದರಿ ಸಾಕು.

ಬೆಲೆಯ ವಿಷಯದಲ್ಲಿ ಸಣ್ಣದೊಂದು ಲೆಕ್ಕ. ಒಂದು ಸಲಕ್ಕೆ ಸುಮಾರು ಒಂದು ಗ್ರಾಂ ಎಂದು ಹಿಡಿದರೂ ದಿನಕ್ಕೆ ಎರಡು ಬಾರಿ ಬಳಸುವವರಿಗೆ ತಿಂಗಳಿಗೆ 60 ಗ್ರಾಂ ಬೇಕು, 100 ಗ್ರಾಂ ಟ್ಯೂಬು ಐವತ್ತು ದಿನ ಬರುತ್ತದೆ. ಎಂಆರ್‌ಪಿಯನ್ನು ಗ್ರಾಂನಿಂದ ಭಾಗಿಸಿ ಹೋಲಿಸಿ, ನಿಮ್ಮ ಕಿಸೆಗೆ ಭಾರವಾಗದ್ದನ್ನೇ ಕೊಳ್ಳಿರಿ, ಏಕೆಂದರೆ ದುಬಾರಿಯದನ್ನು ಕೊಂಡು ಜಿಪುಣತನದಿಂದ ಬಳಸುವವರಿಗಿಂತ ಸಾಧಾರಣದ್ದನ್ನು ನಿತ್ಯ ಬಳಸುವವರ ಮುಖವೇ ಚೆನ್ನಾಗಿರುವುದನ್ನು ನೋಡಿದ್ದೇನೆ.

ಮೊಡವೆಗೆ ಬರುವ ಔಷಧಯುಕ್ತ ಫೇಸ್‌ವಾಶ್‌ಗಳು

ಮೊಡವೆ ಕೊಳೆಯಿಂದ ಬರುವುದಿಲ್ಲ. ಹಾರ್ಮೋನಿನ ಪ್ರಭಾವದಿಂದ ಹೆಚ್ಚುವ ಎಣ್ಣೆ, ರಂಧ್ರದ ಬಾಯಿ ಕಟ್ಟುವ ಸತ್ತ ಕೋಶಗಳು ಮತ್ತು ಅಲ್ಲಿಯೇ ವಾಸಿಸುವ ಬ್ಯಾಕ್ಟೀರಿಯಾ ಸೇರಿ ಅದು ಏಳುತ್ತದೆ. ಬ್ಲ್ಯಾಕ್‌ಹೆಡ್ಡಿನ ಕಪ್ಪು ಸಹ ಧೂಳಲ್ಲ. ರಂಧ್ರದಲ್ಲಿ ಸಿಕ್ಕಿಕೊಂಡ ಮೆಲನಿನ್ ಮತ್ತು ಗಾಳಿಗೆ ಒಡ್ಡಿಕೊಂಡು ಬಣ್ಣ ತಿರುಗಿದ ಜಿಡ್ಡು. ಆದ್ದರಿಂದ ಉಜ್ಜಿ ಉಜ್ಜಿ ತೊಳೆದರೆ ಮೊಡವೆ ಹೋಗುವುದಿಲ್ಲ, ಕೆರಳುತ್ತದೆ.

ಸ್ಯಾಲಿಸಿಲಿಕ್ ಆಮ್ಲ ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಕ್ಕೆ ಇಳಿದು ಅಲ್ಲಿಯ ಸಿಕ್ಕನ್ನು ಸಡಿಲಿಸುತ್ತದೆ. ಫೇಸ್‌ವಾಶ್‌ಗಳಲ್ಲಿ ಇದು ಶೇ. 0.5ರಿಂದ 2ರವರೆಗೆ ಇರುತ್ತದೆ. ಮೊದಲ ಎರಡು ವಾರ ಒಂದು ದಿನ ಬಿಟ್ಟು ಒಂದು ದಿನ, ಅದೂ ರಾತ್ರಿ ಮಾತ್ರ ಬಳಸಿ, ಒಣಗುವಿಕೆ ಕಾಣದಿದ್ದರೆ ದಿನವೂ ಬಳಸಬಹುದು. ಕೀವು ತುಂಬಿದ, ಕೆಂಪಾದ ಮೊಡವೆಗಳಿಗೆ ಬೆಂಜೋಯಿಲ್ ಪೆರಾಕ್ಸೈಡ್ ಒಳ್ಳೆಯದು, ಶೇ. 2.5 ಅಥವಾ 5ರದ್ದು ಸಾಕು. ಇದನ್ನು ಹಚ್ಚಿ ಒಂದೆರಡು ನಿಮಿಷ ಬಿಟ್ಟು ತೊಳೆಯಬೇಕು. ಗರ್ಭಿಣಿಯರು ಮತ್ತು ವೈದ್ಯರು ಬರೆದುಕೊಟ್ಟ ಅಡಾಪಲೀನ್ ಅಥವಾ ಟ್ರೆಟಿನಾಯಿನ್ ಎಂಬ ಮೊಡವೆಯ ಮುಲಾಮು ಹಚ್ಚುತ್ತಿರುವವರು ವೈದ್ಯರನ್ನು ಕೇಳಿಯೇ ಇವನ್ನು ಬಳಸಬೇಕು. ಯಾವುದರ ಫಲವೂ ಆರರಿಂದ ಎಂಟು ವಾರಗಳ ಮೊದಲು ಸ್ಪಷ್ಟವಾಗಿ ಕಾಣುವುದಿಲ್ಲ, ಹತ್ತು ದಿನಕ್ಕೊಂದು ಟ್ಯೂಬು ಬದಲಿಸುವವರಿಗೆ ಎಂದೂ ಕಾಣುವುದಿಲ್ಲ.

ಬೆಂಜೋಯಿಲ್ ಪೆರಾಕ್ಸೈಡಿನ ಇನ್ನೊಂದು ಗುಣವನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಕಲಿತದ್ದು ಮಾತ್ರ ಮನೆಯಲ್ಲಿ. ಗಡ್ಡ ಬೋಳಿಸುವ ಜಾಗದಲ್ಲಿ ಎದ್ದ ಗುಳ್ಳೆಗಳಿಗೆಂದು ಅದನ್ನು ಹಚ್ಚಿಕೊಂಡವನು, ಅವಸರದಲ್ಲಿ ಅರೆಬರೆ ತೊಳೆದು, ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆಗೆ ಮುಖ ಒರೆಸಿಕೊಂಡೆ. ಅದು ನನ್ನ ಹೆಂಡತಿಯ ಇಳಕಲ್ ಸೀರೆಯ ಸೆರಗು. ಎರಡು ದಿನಗಳ ಮೇಲೆ ಸೆರಗಿನ ಟೋಪ ತೆನೆ ವಿನ್ಯಾಸದ ಕೆಂಪಿನ ನಡುವೆ ಅಂಗೈಯಗಲದ ಕಿತ್ತಳೆ ಬಣ್ಣದ ಮಚ್ಚೆ ಮೂಡಿತು. ತೊಳೆದರೆ ಹೋಗುವ ಕಲೆಯಲ್ಲ, ಬಣ್ಣವೇ ಹೋಗಿತ್ತು. ಔಷಧಶಾಸ್ತ್ರ ಓದಿದವನ ಮನೆಯಲ್ಲಿಯೇ ಹೀಗಾಯಿತೆಂದು ಬೀಗರ ಮುಂದೆಲ್ಲ ಆ ಸೆರಗು ಸಾಕ್ಷಿಯಾಗಿ ಬಿಚ್ಚಿಕೊಂಡಿದೆ. ಆದ್ದರಿಂದ ಇದನ್ನು ಬಳಸುವವರು ಬಿಳಿ ಟವೆಲನ್ನೇ ಇಟ್ಟುಕೊಳ್ಳಬೇಕು, ದಿಂಬಿನ ಗವಸಿಗೂ ಈ ಮಾತು ಅನ್ವಯಿಸುತ್ತದೆ.

ಅಡುಗೆಮನೆಯ ಸಾಮಾನುಗಳ ಬಗ್ಗೆ

ಕಡಲೆಹಿಟ್ಟು, ಹೆಸರುಹಿಟ್ಟುಗಳಿಂದ ಮುಖ ತೊಳೆದು ಬೆಳೆದ ತಲೆಮಾರು ನಮ್ಮದು. ಅವು ಜಿಡ್ಡನ್ನು ಹೀರುತ್ತವೆ, ಕ್ಷಾರವಲ್ಲ, ಖರ್ಚೂ ಇಲ್ಲ. ವಸ್ತ್ರಗಾಳಿತ ಮಾಡಿದ ನುಣುಪಾದ ಹಿಟ್ಟನ್ನು ನೀರಿನಲ್ಲಿ ತೆಳ್ಳಗೆ ಕಲಸಿ, ಉಜ್ಜದೆ ಸವರಿ, ಒಣಗುವ ಮುನ್ನವೇ ತೊಳೆದರೆ ತಕರಾರಿಲ್ಲ. ಒಣಗಿಸಿ, ಉದುರಿಸಿ, ತಿಕ್ಕಿ ತೆಗೆಯುವ ಪದ್ಧತಿಯಲ್ಲಿ ಮಾತ್ರ ಚರ್ಮ ಗೀರುತ್ತದೆ. ಸನ್‌ಸ್ಕ್ರೀನ್ ಅಥವಾ ಮೇಕಪ್ ಹಚ್ಚಿದ ದಿನ ಹಿಟ್ಟಿನಿಂದ ಅದು ಹೋಗುವುದಿಲ್ಲ. ಮೊಡವೆ ಒಡೆದು ಗಾಯವಾದ ಮುಖಕ್ಕಂತೂ ಹಿಟ್ಟು ಬೇಡ.

ಲಿಂಬೆಯ ವಿಷಯದಲ್ಲಿ ನಾನು ಇಷ್ಟು ಉದಾರಿಯಲ್ಲ. ನಮ್ಮ ಜಿಲ್ಲೆಯ ಇಂಡಿ ತಾಲ್ಲೂಕಿನ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ನಮಗೆಲ್ಲ ಹೆಮ್ಮೆಯ ಸಂಗತಿ, ಉಪ್ಪಿನಕಾಯಿಗೆ ಅದಕ್ಕೆ ಸಾಟಿಯಿಲ್ಲ. ಆದರೆ ಅದರ ರಸದ ಪಿಎಚ್ 2ರ ಆಸುಪಾಸಿನದು, ಅದರ ಸಿಪ್ಪೆ ಮತ್ತು ರಸದಲ್ಲಿರುವ ಫ್ಯೂರನೊಕೌಮರಿನ್ ಎಂಬ ಅಂಶ ಬಿಸಿಲು ತಾಕಿದರೆ ಚರ್ಮವನ್ನು ಸುಡುತ್ತದೆ. ಮುಖಕ್ಕೆ ಲಿಂಬೆ ಹಿಂಡಿಕೊಂಡು ಮಧ್ಯಾಹ್ನ ಹೊರಬಿದ್ದವರ ಕೆನ್ನೆಯಲ್ಲಿ ಹರಿದ ರಸದ ಜಾಡಿನ ಆಕಾರದಲ್ಲೇ ಕಪ್ಪು ಗೆರೆಗಳು ಏಳುವುದುಂಟು, ಅವು ಮಾಸಲು ತಿಂಗಳುಗಳು ಬೇಕಾಗುತ್ತವೆ. ಅಡುಗೆ ಸೋಡಾ, ಹಲ್ಲಿನ ಪೇಸ್ಟು, ಸಕ್ಕರೆಯ ಹರಳುಗಳು ಇವೂ ಮುಖಕ್ಕೆ ಸಲ್ಲ. ಸೀಗೆಕಾಯಿ ಮತ್ತು ಅಂಟುವಾಳ ತಲೆಗೂದಲಿಗಿರಲಿ. ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂದು ಚಿಕ್ಕಂದಿನಲ್ಲಿ ಎರೆಸಿಕೊಂಡವರಿಗೆ ಹೇಳಬೇಕಾಗಿಲ್ಲ.

ತೊಳೆಯುವ ಕ್ರಮ

ಮೊದಲು ಕೈ ತೊಳೆಯಬೇಕು. ಇದನ್ನು ಹತ್ತರಲ್ಲಿ ಎಂಟು ಮಂದಿ ಬಿಡುತ್ತಾರೆಂದು ನನ್ನ ಅಂದಾಜು, ಹಾಗಾಗಿ ಕೈಗೆ ಅಂಟಿದ ರೊಟ್ಟಿಯ ಹಿಟ್ಟು, ಬೈಕಿನ ಹ್ಯಾಂಡಲ್ಲಿನ ಜಿಡ್ಡು ಎಲ್ಲ ಮುಖಕ್ಕೆ ಏರುತ್ತದೆ. ಆ ಮೇಲೆ ಉಗುರು ಬೆಚ್ಚಗಿನ ಅಥವಾ ತಣ್ಣೀರಿನಿಂದ ಮುಖವನ್ನು ಪೂರ್ತಿ ತೋಯಿಸಿರಿ. ಸ್ನಾನದ ಹಂಡೆಯ ಸುಡುನೀರನ್ನು ಮುಖಕ್ಕೆ ಹೊಯ್ದುಕೊಳ್ಳುವ ಅಭ್ಯಾಸ ಚಳಿಗಾಲದಲ್ಲಿ ಹಿತವೆನಿಸಿದರೂ ಚರ್ಮದ ಕೊಬ್ಬನ್ನು ಕರಗಿಸಿ ಒಯ್ಯುತ್ತದೆ. ಕಡಲೆಕಾಳಿನಷ್ಟು ಜೆಲ್ ಅಥವಾ ಅದರ ಎರಡರಷ್ಟು ಲೋಶನ್ ಅಂಗೈಯಲ್ಲಿ ತೆಗೆದುಕೊಂಡು, ಹನಿ ನೀರು ಸೇರಿಸಿ ಅಂಗೈಯಲ್ಲೇ ತಿಳಿಗೊಳಿಸಿ ಅನಂತರ ಮುಖಕ್ಕೆ ಒಯ್ಯಬೇಕು. ಟ್ಯೂಬಿನಿಂದ ನೇರವಾಗಿ ಕೆನ್ನೆಗೆ ಹಿಂಡಿದರೆ ಒಂದೇ ಕಡೆ ಗಟ್ಟಿಯಾಗಿ ಕೂತು ಅಲ್ಲಿಯೇ ಒಣಗಿಸುತ್ತದೆ.

ಬೆರಳ ತುದಿಗಳಿಂದ, ಮಲಗಿದ ಕೂಸಿನ ಹಣೆ ಸವರುವಷ್ಟೇ ಹಗುರವಾಗಿ, ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಸುತ್ತಿಸಿರಿ. ಮೂಗಿನ ಎರಡೂ ಬದಿಯ ಸಂದು, ಗದ್ದದ ಕೆಳಗಿನ ಅಂಚು, ಕಿವಿಯ ಮುಂಭಾಗ ಮತ್ತು ಕೂದಲು ಶುರುವಾಗುವ ಗೆರೆ ಇವು ಎಲ್ಲರೂ ಮರೆಯುವ ಜಾಗಗಳು. ತಲೆಗೆ ಎಣ್ಣೆ ಹಚ್ಚುವವರ ಹಣೆಯಂಚಿನಲ್ಲಿ ಸಾಲಾಗಿ ಏಳುವ ಸಣ್ಣ ಗುಳ್ಳೆಗಳು, ಹೆಲ್ಮೆಟ್ಟಿನ ಪಟ್ಟಿ ತಾಗುವಲ್ಲಿ ಗದ್ದದ ಕೆಳಗೆ ಏಳುವ ಗುಳ್ಳೆಗಳು ಈ ಮರೆವಿನಿಂದಲೂ ಹೆಚ್ಚುತ್ತವೆ. ಹಚ್ಚಿದ್ದಕ್ಕಿಂತ ಹೆಚ್ಚು ಹೊತ್ತು ತೊಳೆಯಬೇಕು. ಎರಡು ಬೊಗಸೆ ಎರಚಿ ಟವೆಲಿಗೆ ಕೈ ಚಾಚಿದರೆ ಸಾಲದು, ಎಂಟು ಹತ್ತು ಬೊಗಸೆಗಳಾದರೂ ಬೇಕು. ಮೆತ್ತನೆಯ, ನಿಮ್ಮದೇ ಆದ ಬಟ್ಟೆಯಿಂದ ಒತ್ತಿ ಒರೆಸಿರಿ. ಮನೆಮಂದಿಗೆಲ್ಲ ಒಂದೇ ಟವೆಲ್ ಇರುವ ಮನೆಯಲ್ಲಿ ಯಾವ ಫೇಸ್‌ವಾಶ್ ತಂದರೂ ಉಪಯೋಗ ಅಷ್ಟಕ್ಕಷ್ಟೆ.

ಮುಖ ಇನ್ನೂ ಹಸಿಯಿರುವಾಗಲೇ ಮಾಯಿಶ್ಚರೈಸರ್ ಹಚ್ಚಬೇಕು. ಹಗಲಾದರೆ ಅದರ ಮೇಲೆ ಸನ್‌ಸ್ಕ್ರೀನ್. ಹತ್ತು ನಿಮಿಷಗಳ ನಂತರ ಕನ್ನಡಿ ನೋಡದೆ ಕೆನ್ನೆಯನ್ನು ಮುಟ್ಟಿ ನೋಡಿಕೊಳ್ಳಿ: ಬಿಗಿತವೂ ಉರಿಯೂ ಇಲ್ಲವಾದರೆ ಆ ಫೇಸ್‌ವಾಶ್ ನಿಮಗೆ ಒಗ್ಗಿದೆ.

ದಿನಕ್ಕೆ ಎರಡು ಸಲ, ಅದರ ಮೇಲೆ ಬಹಳ ಬೆವರಿದಾಗ ಇನ್ನೊಂದು ಸಲ, ಇಷ್ಟು ಸಾಕು. ಒಣ ಚರ್ಮದವರು ಬೆಳಿಗ್ಗೆ ಬರೀ ನೀರಿನಿಂದ ತೊಳೆದರೂ ಆಗುತ್ತದೆ, ರಾತ್ರಿಯದನ್ನು ಮಾತ್ರ ತಪ್ಪಿಸಬಾರದು. ಹೊಲದಲ್ಲಿ, ದ್ರಾಕ್ಷಿ ತೋಟದಲ್ಲಿ ಔಷಧ ಹೊಡೆದು ಬಂದವರಿಗೆ ಈ ನಾಜೂಕಿನ ಮಾತುಗಳಾವುವೂ ಅನ್ವಯಿಸುವುದಿಲ್ಲ. ಅವರು ಕೈ ಕೆಲಸ ಮುಗಿದ ತಕ್ಷಣ ಬಟ್ಟೆ ಬದಲಿಸಿ, ಸಾಬೂನು ಹಚ್ಚಿ, ಧಾರಾಳ ನೀರಿನಿಂದ ಮೈ ಮುಖಗಳೆರಡನ್ನೂ ತೊಳೆಯಬೇಕು.

ಹವೆ ಬದಲಾದಂತೆ

ವಿಜಯಪುರದ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ಎಲ್ಲರೂ ಎಣ್ಣೆ ಚರ್ಮದವರೇ ಎನಿಸುತ್ತದೆ. ಆದರೆ ಒಣಗಾಳಿಗೆ ಬೆವರು ಬೇಗ ಆರಿ ಉಪ್ಪು ಮಾತ್ರ ಉಳಿದಿರುತ್ತದೆ, ಆ ಉಪ್ಪನ್ನು ತೆಗೆಯಲು ಮಧ್ಯಾಹ್ನ ಬರೀ ತಣ್ಣೀರು ಸಾಕು. ಬೆಳಗಾವಿಯ ಕಡೆ ಮೃಗಶಿರಾ, ಆರಿದ್ರಾ ಮಳೆಗಳು ಹಿಡಿದ ಮೇಲೆ ಗಾಳಿಯೇ ತೇವವಾಗಿ, ಬೆವರು ಆರದೆ, ಜಿಡ್ಡು ಹೆಚ್ಚುವುದರಿಂದ ಅಲ್ಲಿ ಜೆಲ್ ಮಾದರಿ ಹಿತ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಹೊತ್ತಿಗೆ ಬೀಸುವ ಒಣ ಚಳಿಗಾಳಿಗೆ ಮಾತ್ರ ಮೂರೂ ಜಿಲ್ಲೆಗಳಲ್ಲಿ ತುಟಿ, ಕೆನ್ನೆ ಒಡೆಯುತ್ತವೆ. ಆಗ ಜೆಲ್ ಬಳಸುವವರೂ ಲೋಶನ್ ಮಾದರಿಗೆ ಬದಲಾಗುವುದು ಒಳ್ಳೆಯದು, ಸ್ಯಾಲಿಸಿಲಿಕ್ ಬಳಸುವವರು ವಾರಕ್ಕೆ ಎರಡು ಮೂರು ದಿನಕ್ಕೆ ಇಳಿಸಬೇಕು.

ಎರಡು ಹಂತದಲ್ಲಿ ತೊಳೆಯುವ ಪದ್ಧತಿ ಈಗ ಬಹಳ ಪ್ರಚಾರದಲ್ಲಿದೆ. ನಿತ್ಯದ ಮುಖಕ್ಕೆ ಅದರ ಅಗತ್ಯವಿಲ್ಲ. ನೀರಿಗೆ ಅಳಿಯದ ಸನ್‌ಸ್ಕ್ರೀನ್, ಮದುವೆಯ ಮೇಕಪ್, ದಟ್ಟ ಕಾಡಿಗೆ ಇದ್ದಾಗ ಮೊದಲು ಕ್ಲೆನ್ಸಿಂಗ್ ಎಣ್ಣೆ ಅಥವಾ ಮೈಸೆಲ್ಲರ್ ನೀರಿನಿಂದ ಒರೆಸಿ, ಅನಂತರ ಫೇಸ್‌ವಾಶ್ ಬಳಸಬೇಕು. ಹಾಗೆಯೇ ಬಾಗಲಕೋಟೆಯ ಹೋಳಿ. ಬಂಡಿಗಳಲ್ಲಿ ಬ್ಯಾರೆಲ್ಲುಗಟ್ಟಲೆ ಬಣ್ಣ ಹೊತ್ತು, ಹಲಗೆ ಬಾರಿಸುತ್ತ ಓಣಿ ಓಣಿ ತೋಯಿಸುವ ಆ ದಿನಗಳಲ್ಲಿ ಆಡಲು ಹೋಗುವ ಮುನ್ನವೇ ಮುಖ, ಕಿವಿ, ಕತ್ತುಗಳಿಗೆ ಕೊಬ್ಬರಿ ಎಣ್ಣೆ ದಪ್ಪಗೆ ಸವರಿರಬೇಕು; ಮೊಡವೆಯವರಿಗೆ ಕೊಬ್ಬರಿ ಎಣ್ಣೆ ರಂಧ್ರ ಕಟ್ಟಿಸುವುದರಿಂದ ಅವರು ಗಟ್ಟಿ ಮಾಯಿಶ್ಚರೈಸರ್ ಬಳಸಲಿ. ಮರಳಿ ಬಂದ ಮೇಲೆ ಒಣ ಬಣ್ಣವನ್ನು ಮೊದಲು ಬಟ್ಟೆಯಿಂದ ಕೊಡವಿ, ಎಣ್ಣೆ ಸವರಿ, ಎರಡು ನಿಮಿಷ ಬಿಟ್ಟು ಹತ್ತಿಯಿಂದ ತೆಗೆದು, ಮೃದು ಫೇಸ್‌ವಾಶಿನಿಂದ ಒಮ್ಮೆ ತೊಳೆದರೆ ಮುಕ್ಕಾಲು ಪಾಲು ಹೋಗುತ್ತದೆ. ಉಳಿದ ಕಾಲು ಪಾಲು ನಾಲ್ಕು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಅದೇ ದಿನ ಪೂರ್ತಿ ತೆಗೆಯಲೇಬೇಕೆಂದು ಚಿಮಣಿ ಎಣ್ಣೆಯಿಂದ ಮುಖ ಉಜ್ಜಿಕೊಂಡು, ಕೆಂಪಗೆ ಬೆಂದ ಕೆನ್ನೆ ಹೊತ್ತು ಅಂಗಡಿಗೆ ಬರುವ ಹುಡುಗರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ಅಂಗಡಿಯವನ ಕೈ ಮೀರಿದ್ದು

ಗಂಟು ಗಂಟಾದ ನೋವಿನ ಮೊಡವೆ, ಕುಳಿ ಬೀಳಿಸುವ ಮೊಡವೆ, ಅಂಚು ಕಟ್ಟಿಕೊಂಡು ವೃತ್ತಾಕಾರವಾಗಿ ಹಬ್ಬುವ ತುರಿಕೆ, ಹುಬ್ಬು ಮತ್ತು ಮೂಗಿನ ಪಕ್ಕದಲ್ಲಿ ಬಿಡದೆ ಏಳುವ ಹೊಟ್ಟು, ಕೆನ್ನೆಯ ಮೇಲಿನ ಬಂಗು ಇವು ಫೇಸ್‌ವಾಶಿನಿಂದ ಹೋಗುವಂಥವಲ್ಲ. ಚರ್ಮವೈದ್ಯರನ್ನು ಕಾಣಬೇಕು, ಜಿಲ್ಲಾಸ್ಪತ್ರೆಯಲ್ಲಿಯೂ ತೋರಿಸಬಹುದು. ಗೆಳತಿಗೆ ಒಗ್ಗಿತೆಂದು ಸ್ಟೀರಾಯ್ಡ್ ಬೆರೆತ ಕ್ರೀಮಿನ ಖಾಲಿ ಟ್ಯೂಬು ಹಿಡಿದು ಬಂದು "ಇದ್ನ ಕೊಡ್ರಿ ಅಂಕಲ್" ಎನ್ನುವ ಹುಡುಗಿಯರಿಗೆ ನಾನು ಕೊಡುವುದಿಲ್ಲ. ಬೆಟಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಎಂಬ ಸ್ಟೀರಾಯ್ಡ್‌ಗಳ ಹೆಸರುಗಳನ್ನು ಓದಲು ಕಲಿಸಿ ಕಳಿಸುತ್ತೇನೆ. ಮೊದಲ ವಾರ ಮುಖ ಹೊಳೆಯಿಸಿ, ತಿಂಗಳುಗಳ ಮೇಲೆ ಚರ್ಮವನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಮಾಡುವ ಇವನ್ನು ಹಚ್ಚಿದ ಮುಖಕ್ಕೆ ಆಮೇಲೆ ಬರೀ ನೀರೂ ಉರಿಯುತ್ತದೆ.

ಹೊಸ ಫೇಸ್‌ವಾಶ್ ತಂದಾಗ ಎಲ್ಲಕ್ಕಿಂತ ಸಣ್ಣ ಟ್ಯೂಬನ್ನೇ ತಂದು, ಮೂರು ನಾಲ್ಕು ದಿನ ದವಡೆಯ ಒಂದು ಬದಿಗೆ ಮಾತ್ರ ಬಳಸಿ ನೋಡಿರಿ. ಅದೇ ವಾರದಲ್ಲಿ ಹೊಸ ಕ್ರೀಮು, ಹೊಸ ಸೀರಮ್ ಶುರು ಮಾಡಿದರೆ ಕೆಂಪಾದದ್ದು ಯಾವುದರಿಂದ ಎಂದು ನಿಮಗೂ ತಿಳಿಯುವುದಿಲ್ಲ, ನನಗೂ ಹೇಳಲಾಗುವುದಿಲ್ಲ. ತೆರೆದ ಟ್ಯೂಬನ್ನು ಅಂಗಡಿಯವರು ಮರಳಿ ತೆಗೆದುಕೊಳ್ಳುವುದಿಲ್ಲ, ಎಷ್ಟು ಜಗಳಾಡಿದರೂ ತೆಗೆದುಕೊಳ್ಳಬಾರದು ಕೂಡ. ಮುಖಕ್ಕೆ ಆಗಿಬರದ ಅದನ್ನು ಚೆಲ್ಲಬೇಕಾಗಿಲ್ಲ: ಅಂಗಾಲು ಉಜ್ಜಲು, ಜಿಡ್ಡುಗಟ್ಟಿದ ಬಾಚಣಿಕೆ ತೊಳೆಯಲು, ಹೆಲ್ಮೆಟ್ಟಿನ ಒಳಪಟ್ಟಿ ಬಿಚ್ಚಿ ತೊಳೆಯಲು ಅದು ಚೆನ್ನಾಗಿ ಬರುತ್ತದೆ. ಬೆಂಜೋಯಿಲ್ ಪೆರಾಕ್ಸೈಡಿನದಾದರೆ ಹೆಲ್ಮೆಟ್ಟಿನ ಪಟ್ಟಿಗೂ ಬೇಡ.